ಇಪ್ಪತ್ತು ಥೌ

ದಸರಾ ರಜೆಗೆ ದೊಡವಾಡಕ್ಕೆ ಬಂದಾಗ ನಮ್ಮ ಮೂರು ಸಿಲಿಂಡರಿನ ಟ್ರ್ಯಾಕ್ಟರ್ ಅಂಗಳದಲ್ಲಿ ಬಿಚ್ಚಿ ಬಿದ್ದಿತ್ತು. ಆಯಿಲ್ ಪ್ರೆಶರ್ ಮುಳ್ಳು ಕೆಳಗಿಳಿದು, ಎಂಜಿನ್ನಿನ ಹೊಟ್ಟೆಯಿಂದ ಠಕ್ ಠಕ್ ಸದ್ದು ಬಂದ ದಿನವೇ ಅಪ್ಪ ನಿಲ್ಲಿಸಿದ್ದರು. ತಪ್ಪು ನನ್ನದು. ಆಯಿಲ್ ಬದಲಿಸೋ ಮಾತು ಬಂದಾಗ, ಬೆಂಗಳೂರಿನಿಂದ ಫೋನಿನಲ್ಲಿ "ಮಳೆಗಾಲ ದಾಟಲಿ ಬಿಡಪ್ಪಾ" ಅಂದವನು ನಾನೇ. ಇತ್ತ ಹಿಂಗಾರಿ ಕಡಲೆ, ಬಿಳಿಜೋಳ ಬಿತ್ತೋ ಹದ. ಎರಿ ಹೊಲ ನಮ್ಮ ರಿಪೇರಿಗೆ ಕಾಯೋದಿಲ್ಲ.

ಮೇಸ್ತ್ರಿ ಕ್ರ್ಯಾಂಕ್ ಹೊರತೆಗೆದು ಎರಡನೇ ಪಿನ್ನಿನ ಮೇಲೆ ಉಗುರು ಎಳೆದ. "ನೋಡ್ರಿ, ಉಗುರು ಸಿಗ್ತದ." ಬೇರಿಂಗಿನ ಬೆಳ್ಳಿ ಬಣ್ಣದ ಪದರ ಸವೆದು ಒಳಗಿನ ತಾಮ್ರ ಕಾಣುತ್ತಿತ್ತು. ಮೈಕ್ರೋಮೀಟರ್ ಇಟ್ಟು ಅಳೆದರೆ ಪಿನ್ ದುಂಡಗೇ ಇಲ್ಲ. ಅಡ್ಡಕ್ಕೂ ಉದ್ದಕ್ಕೂ 0.08 ಮಿ.ಮೀ. ವ್ಯತ್ಯಾಸ. ಒಂದು ತಲೆಗೂದಲಿನಷ್ಟು! ಆದರೆ ಪಿನ್ನಿಗೂ ಬೇರಿಂಗಿಗೂ ನಡುವೆ ಎಣ್ಣೆ ನಿಲ್ಲಲು ಬಿಡೋ ಸಂದೂ ಹೆಚ್ಚುಕಡಿಮೆ ಅಷ್ಟೇ. ಅದು ಎರಡರಷ್ಟಾದರೆ ಎಣ್ಣೆ ಸೋರಿಹೋಗುತ್ತೆ, ಪ್ರೆಶರ್ ಬೀಳುತ್ತೆ.

ಮೇಸ್ತ್ರಿಗಳ ಲೆಕ್ಕ ಥೌದಲ್ಲಿ, ಅಂದರೆ ಇಂಚಿನ ಸಾವಿರದ ಒಂದು ಭಾಗ. ಹಿಂದೊಮ್ಮೆ ಹತ್ತು ಥೌ ಗ್ರೈಂಡ್ ಆಗಿತ್ತು. ಈಗ ಇಪ್ಪತ್ತು, ಅಂದರೆ ಮೂಲ ಅಳತೆಗಿಂತ ಸುಮಾರು 0.50 ಮಿ.ಮೀ. ಕಡಿಮೆ. ಅದಕ್ಕೆ ತಕ್ಕಂತೆ ದಪ್ಪ ಹೆಚ್ಚಿರುವ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತೆ. ಹೀಗೆ ಎಷ್ಟು ಸಲ ಬೇಕಾದರೂ ತೆಗೆಯೋಕಾಗಲ್ಲ, ಮೇಲಿನ ಗಡಸು ಪದರವೇ ಹೋದೀತು.

ಬೆಳಗಾವಿಯ ಉದ್ಯಮಬಾಗಕ್ಕೆ ಹೊತ್ತೊಯ್ದೆವು. ಫೌಂಡ್ರಿ, ಲೇತುಗಳೇ ತುಂಬಿರೋ ಜಾಗ. "ಸಂಜಿಗೆ ಕೊಡ್ತೀವ್ರಿ" ಅಂದರು. ನಾನು ಮೊದಲು ಬಿರುಕು ನೋಡಿ ಅಂತ ಹಟ ಹಿಡಿದೆ. ಪಕ್ಕದ ಹೊಲದವರು ಬೇರೆಲ್ಲೋ ಗ್ರೈಂಡ್ ಮಾಡಿಸಿದ ಕ್ರ್ಯಾಂಕ್ ಆರೇ ತಿಂಗಳಿಗೆ ಎರಡು ತುಂಡಾಗಿತ್ತು. ಪಿನ್ ಮತ್ತು ಪಕ್ಕದ ಗೋಡೆ ಸೇರೋ ಮೂಲೆಯನ್ನು ದುಂಡಗೆ ಬಿಡದೆ ಚೂಪಾಗಿ ಕೊರೆದಿದ್ದರು. ಬಿರುಕು ಹುಟ್ಟೋದು ಅಲ್ಲೇ. ಕ್ರ್ಯಾಂಕನ್ನು ಅಯಸ್ಕಾಂತ ಮಾಡಿ ಕಬ್ಬಿಣದ ಪುಡಿ ಹಾಕಿದರೆ ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ನಿಲ್ಲುತ್ತೆ. ಗೆರೆ ಕಂಡರೆ ಗುಜರಿಗೇ ಸೈ. ಅಪ್ಪ ಉಸಿರು ಬಿಗಿಹಿಡಿದು ನಿಂತಿದ್ದರು. ಹೊಸದಕ್ಕೆ ದುಡ್ಡು ನಾನು ಕೊಡಬಲ್ಲೆ, ಆದರೆ ಅವರು ಕೇಳೋರಲ್ಲ, ಟ್ರ್ಯಾಕ್ಟರನ್ನೇ ಮಾರಿಬಿಡೋರು. ಗೆರೆ ಕಾಣಲಿಲ್ಲ.

ಮರುದಿನ ಕನ್ನಡಿಯಂಥ ಪಿನ್ನುಗಳೊಂದಿಗೆ ಊರಿಗೆ ಬಂದೆವು. ಮೇಸ್ತ್ರಿ ನೇರ ಕೂಡಿಸಲು ಹೊರಟ. ತಡೆದೆ. ಕ್ರ್ಯಾಂಕಿನೊಳಗಿನ ಎಣ್ಣೆದಾರಿಯ ಪ್ಲಗ್ ಬಿಚ್ಚಿ, ಡೀಸೆಲ್ ಹಾಕಿ ಸಣ್ಣ ಬ್ರಶ್ ತೂರಿಸಿದರೆ ಕಾಡಿಗೆಯಂಥ ರಾಡಿ, ಅದರಲ್ಲಿ ಗ್ರೈಂಡಿಂಗ್ ಕಲ್ಲಿನ ಪುಡಿ. ಹಾಗೇ ಕೂಡಿಸಿದ್ದರೆ ಅದೆಲ್ಲ ಹೊಸ ಬೇರಿಂಗಿಗೇ ಹೋಗುತ್ತಿತ್ತು. ಬಿಳಿ ಬಟ್ಟೆಗೆ ಕಪ್ಪು ಹತ್ತದಿರೋವರೆಗೂ, ಎರಡು ತಾಸು, ಅಪ್ಪನೂ ನಾನೂ ತೊಳೆದೆವು. ಪ್ಲಗ್ ಹಾಕಿದ ಮೇಲೆ ಮೇಸ್ತ್ರಿಯೇ ತನ್ನ ಕೈಲಿ ಇನ್ನೊಮ್ಮೆ ಒರೆಸಿದ.

ಎಲ್ಲ ಕೂಡಿಸಿ, ಸ್ಟಾಪ್ ಎಳೆದು ಹಿಡಿದು, ಡೀಸೆಲ್ ಹೋಗದಂತೆ ಬರೀ ಸ್ಟಾರ್ಟರಿನಿಂದ ತಿರುಗಿಸಿದೆವು. ಮುಳ್ಳು ಮೆಲ್ಲಗೆ ಎದ್ದಿತು. ಆಮೇಲೇ ಎಂಜಿನ್ ಶುರು. ಠಕ್ ಠಕ್ ಇಲ್ಲ.

"ಐವತ್ತು ತಾಸಿಗೆ ಆಯಿಲ್ ತಗೀಬೇಕಂತ," ಅಪ್ಪ ಕೈ ಒರೆಸಿಕೊಳ್ಳುತ್ತ ಹೇಳಿದರು. "ಈ ಸಲ ನಿನ್ನ ಫೋನ್ ಮಾಡಿ ಕೇಳೂದಿಲ್ಲ."