ಯಾರ ಹಂಗೂ ಇಲ್ಲದ ಪ್ರಯಾಣ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಹಾಸಿಗೆ, ಒಲೆ, ಶೌಚಾಲಯ ಎಲ್ಲವೂ ಒಳಗೇ ಇರುವ ಕ್ಯಾರವಾನ್ ಒಂದನ್ನು ಬಾಡಿಗೆಗೆ ಹಿಡಿಯುತ್ತಾನಂತೆ. ಹಾಸನ, ಆಲೂರು, ಸಕಲೇಶಪುರ ನೋಡಿಕೊಂಡು, ಯಸಳೂರು ಸೀಮೆಯನ್ನು ಸುತ್ತಿ, ಬಿಸಿಲೆ ಘಾಟಿಯಲ್ಲಿ ಸುಬ್ರಹ್ಮಣ್ಯಕ್ಕೆ ಇಳಿಯುವ ಯೋಜನೆ. “ಮೇಷ್ಟ್ರೇ, ರೂಮು ಗೀಮು ಏನೂ ಬೇಡ. ಚೆನ್ನಾಗಿರೋ ಕಡೆ ರಸ್ತೆ ಪಕ್ಕ ನಿಲ್ಲಿಸೋದು, ಮಲಗೋದು. ಯಾರ ಹಂಗೂ ಇಲ್ಲ. ನೋಡೋ ಜಾಗಗಳ ಪಟ್ಟಿ ಮಾಡಿಕೊಡಿ” ಎಂದ.

ಪಟ್ಟಿ ಕೊಡುತ್ತೇನೆ. ಆದರೆ “ಯಾರ ಹಂಗೂ ಇಲ್ಲ” ಎಂಬ ಮಾತಿನ ಮೇಲೆ ನನಗೆ ತಕರಾರಿದೆ. ಇಂಥ ಯೋಜನೆ ಹಾಕುತ್ತಿರುವವರು ನಿಮ್ಮಲ್ಲಿ ಇನ್ನೂ ಕೆಲವರು ಇದ್ದೀರೆಂದು ಬಲ್ಲೆನಾದ್ದರಿಂದ ಅದನ್ನು ಎಲ್ಲರೆದುರಿಗೇ ಹೇಳುತ್ತೇನೆ.

ಮೊದಲನೆಯದು ರಾತ್ರಿಯ ವಿಚಾರ. 2012ರಿಂದ 2019ರವರೆಗೆ ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಅರ್ಜುನ ಸತ್ತದ್ದು ಇದೇ ಯಸಳೂರಿನ ಕಾಡಿನಲ್ಲಿ, 2023ರ ಡಿಸೆಂಬರ್ 4ರಂದು. ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗವೊಂದರೊಡನೆ ಕಾದಾಡಿ ಪ್ರಾಣಬಿಟ್ಟ. ಹಗಲು ಹೊತ್ತು; ಮಾವುತರಿದ್ದರು, ಅರಣ್ಯ ಸಿಬ್ಬಂದಿಯಿತ್ತು, ಪಳಗಿದ ಬೇರೆ ಆನೆಗಳಿದ್ದವು. ಆದರೂ ಹಾಗಾಯಿತು. ಇಲ್ಲಿನ ಕಾಫಿತೋಟದ ಆಳುಗಳು ಬೆಳಗ್ಗೆ ಆನೆ ಎಲ್ಲಿದೆಯೆಂದು ವಿಚಾರಿಸಿಕೊಂಡೇ ಕೆಲಸಕ್ಕೆ ಹೊರಡುತ್ತಾರೆ. ನೀನು ದೀಪ ಹಚ್ಚಿ, ಒಗ್ಗರಣೆ ಹಾಕಿ, ತೋಟದ ಮಗ್ಗುಲಲ್ಲಿ ಗಾಡಿ ನಿಲ್ಲಿಸಿ ಮಲಗಿದ ರಾತ್ರಿ ಏನಾದರೂ ಆದರೆ ಟಾರ್ಚು ಹಿಡಿದು ಓಡಿ ಬರಬೇಕಾದವರು ಅವರೇ. ಇದು ಹಂಗಲ್ಲವೇ?

ಎರಡನೆಯದು ನೀರು. ಬಿಸಿಲೆ ದಾರಿಯಲ್ಲಿ ಮಂಕನಹಳ್ಳಿಯ ಬಳಿ ‘ರಿಡ್ಜ್’ ಎಂದು ಕರೆಯುವ ಏಣು ಇದೆ. ಒಂದು ಬದಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿಗಳನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಬದಿಗೆ ಬಿದ್ದದ್ದು ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರಕ್ಕೆ. ಕಪ್ಪುಹಲಗೆಯ ಮೇಲೆ ಗೆರೆ ಎಳೆದು ನಿಮಗೆಲ್ಲ ಈ ಪಾಠ ಹೇಳಿದ್ದೆ. ಪಾತ್ರೆ ತೊಳೆದ ನೀರನ್ನೂ ಶೌಚದ ತೊಟ್ಟಿಯನ್ನೂ ಎಲ್ಲಿ ಖಾಲಿ ಮಾಡುತ್ತೀ ಎಂದು ಕೇಳಿದೆ. ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ಆ ಏಣಿನ ಮೇಲೆ ಸುರಿದ ಕೊಳೆ ಯಾವ ಕಡೆಗೆ ಹರಿದರೂ ಕೆಳಗೆ ಅದನ್ನು ಕುಡಿಯುವವರಿದ್ದಾರೆ.

ಕ್ಯಾರವಾನ್ ಬೇಡವೆಂದು ನಾನು ಹೇಳುತ್ತಿಲ್ಲ. ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗದೆಂದು ದಿನವಿಡೀ ನೀರು ಕುಡಿಯದೆ ಪ್ರಯಾಣ ಮಾಡಿದ ಹೆಂಗಸರು ನಮ್ಮ ಮನೆಯಲ್ಲೇ ಇದ್ದಾರೆ. ಮಂಡಿನೋವಿನ ನನ್ನ ಹೆಂಡತಿಗಂತೂ ಅದು ವರವೇ ಸರಿ. ಆದರೆ ಕೇರಳ 2021ರಲ್ಲಿ ಕ್ಯಾರವಾನ್ ನೀತಿ ತಂದಾಗ ಗಾಡಿಯ ಜೊತೆಗೆ ಅದು ತಂಗುವ ಪಾರ್ಕಿನ ಮಾತನ್ನೂ ಸೇರಿಸಿತು. ನೀರು, ವಿದ್ಯುತ್ತು, ಕೊಳೆ ವಿಲೇವಾರಿ ಇರುವ ಅಂಥ ಜಾಗ ನಮ್ಮಲ್ಲೂ ಆಗಲಿ ಎಂದು ಕೇಳೋಣ. ಅದಾಗುವವರೆಗೆ ಕಂಡವರ ತೋಟದ ಬೇಲಿ ನಿಮ್ಮ ಪಾರ್ಕಲ್ಲ.

ಇನ್ನೊಂದು ನೆನಪು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ಆಷಾಢದ ಮಳೆಯಲ್ಲಿ, ಇಪ್ಪತ್ತು ಮಕ್ಕಳೊಡನೆ ನಾನಿದ್ದ ಬಸ್ಸು ವಣಗೂರಿನ ಆಚೆ ಕೆಟ್ಟು ನಿಂತಿತು. ಗುರುತು ಪರಿಚಯವಿಲ್ಲದ ಮನೆಯೊಂದರ ಬಾಗಿಲು ತಟ್ಟಿದೆವು. ಮನೆಯಾಕೆ ನಮ್ಮ ಒದ್ದೆ ಬಟ್ಟೆಗಳನ್ನು ಒಲೆಯ ಮೇಲೆ ಹರವಿ, ಅಷ್ಟೂ ಜನಕ್ಕೆ ಕಡುಬು, ಕಳಲೆ ಪಲ್ಯ ಬಡಿಸಿದರು. ಅಂದು ಎಲ್ಲವನ್ನೂ ಹೊತ್ತ ಗಾಡಿ ನಮ್ಮಲ್ಲಿದ್ದಿದ್ದರೆ ಹಾಯಾಗಿ ಮಲಗುತ್ತಿದ್ದೆವು, ನಿಜ. ಆ ಮಕ್ಕಳು ಇಂದಿಗೂ ಸಿಕ್ಕಾಗಲೆಲ್ಲ ನೆನೆಯುವುದು ಆ ತಾಯಿಯನ್ನು. ಬೆಟ್ಟ, ಮಂಜು ಆಮೇಲಿನ ಮಾತು.

ಈಗ ಪಟ್ಟಿ. ಮಳೆಗಾಲದಲ್ಲಿ ಬೇಡ, 2018ರಲ್ಲೂ 2024ರಲ್ಲೂ ಈ ಭಾಗದ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನೆನಪಿರಲಿ. ಚಳಿಗಾಲಕ್ಕೆ ಬಾ. ಟಿಪ್ಪು 1792ರಲ್ಲಿ ಕಟ್ಟಿಸಿದ, ನಕ್ಷತ್ರದಾಕಾರದ ಮಂಜರಾಬಾದ್ ಕೋಟೆಯನ್ನು ಬೆಳಗ್ಗೆಯೇ ಹತ್ತು. ದೊಡ್ಡ ಗಾಡಿಯನ್ನು ಸಕಲೇಶಪುರದಲ್ಲೇ ಬಿಟ್ಟು, ದಾರಿ ಬಲ್ಲ ಸ್ಥಳೀಯರ ಜೀಪಿನಲ್ಲಿ ಹೆತ್ತೂರು, ವಣಗೂರಿನ ಮೇಲೆ ಬಿಸಿಲೆಗೆ ಹೋಗು. ಕುಮಾರಪರ್ವತವನ್ನು ಕಣ್ತುಂಬ ನೋಡಿ ಹೊತ್ತು ಮುಳುಗುವ ಮೊದಲು ಹಿಂತಿರುಗು. ಊಟವನ್ನು ಡಬ್ಬಿಯಲ್ಲಿ ಹೊತ್ತು ತರಬೇಡ, ಊರಿನ ಹೋಟೆಲಿನಲ್ಲಿ ಮಾಡು.

ರಾತ್ರಿಗೆ ನಮ್ಮ ಮನೆಯಂಗಳವಿದೆ. ಗಾಡಿ ನಿಲ್ಲುವಷ್ಟು ಜಾಗ ಅಳೆದು ನೋಡಿದ್ದೇನೆ. ಹಿಂದಿನ ದಿನ ತಿಳಿಸಿದರೆ ಕಡುಬು ಮಾಡಿಸುತ್ತೇನೆ. ಮೇಷ್ಟ್ರ ಹಂಗು ಬೇಡವೆನಿಸಿದರೆ ಮಾತ್ರ ಬೇರೆ ದಾರಿ ನೋಡಿಕೋ.