ಚೀಲ ಸಿದ್ಧವಾಯಿತು, ಹುಡುಗಿ ಎಲ್ಲಿ?

ಮೇ ತಿಂಗಳು ಅರ್ಧ ಕಳೆಯಿತೆಂದರೆ ಸಾಕು, ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಅಂಗಡಿಗಳ ಮುಂದೆ ಶಾಲೆಯ ಚೀಲಗಳು ತೂಗಾಡತೊಡಗುತ್ತವೆ. ನೀರಿನ ಬಾಟಲಿ, ಟಿಫಿನ್ ಡಬ್ಬಿ, ಕಂಪಾಸು, ಬೂಟು, ರಟ್ಟು ಹಾಕಿದ ನೋಟುಬುಕ್ಕು. ತಾಯಂದಿರು ಕೈಯಲ್ಲಿ ಚೀಟಿ ಹಿಡಿದು, ಬಿಸಿಲನ್ನೂ ಲೆಕ್ಕಿಸದೆ ತಿರುಗುತ್ತಾರೆ. ಕೇಳಿದರೆ, "ಸಾಲಿ ಸುರು ಆಗ್ತಾವಲ್ರೀ, ತಯಾರಿ ಮಾಡಬೇಕಲ್ಲ" ಎನ್ನುತ್ತಾರೆ. ಇದನ್ನು ನಾನು ಹಳಿಯುವುದಿಲ್ಲ. ಹೊಸ ಚೀಲ ಹೆಗಲಿಗೇರಿದಾಗ ಮಗುವಿನ ಮುಖಕ್ಕೆ ಬರುವ ಕಳೆಯನ್ನು ಎಷ್ಟೋ ವರ್ಷ ಕಂಡವಳು ನಾನು. ಆದರೆ ಶಾಲಾ ವರ್ಷದ ತಯಾರಿ ಎಂದರೆ ಇಷ್ಟೇ ಎಂದು ತಿಳಿದಿದ್ದಾರಲ್ಲ, ಅದರ ಮೇಲೆ ನನ್ನ ತಕರಾರಿದೆ.

ನಾನು ಪಾಠ ಹೇಳುವುದು ಆಳಂದ ತಾಲ್ಲೂಕಿನ ನರೋಣಾದ ಕಡೆ. ನರೋಣಾ ಹೋಬಳಿಯ ಊರು. ಸುತ್ತಲಿನ ಹಳ್ಳಿ, ತಾಂಡಾಗಳ ಮಕ್ಕಳು ಏಳನೆಯ ಇಯತ್ತೆಯವರೆಗೆ ತಮ್ಮ ಊರಿನಲ್ಲೇ ಓದಿ, ಎಂಟನೆಯದಕ್ಕೆ ಹೈಸ್ಕೂಲು ಹುಡುಕಿಕೊಂಡು ಬರುತ್ತಾರೆ. ಸೂಟಿ ಮುಗಿದು ಶಾಲೆಯ ಬಾಗಿಲು ತೆರೆದ ದಿನ ನಾನು ಚೀಲ ಹೊಸದೋ ಹಳೆಯದೋ ಎಂದು ನೋಡುವುದಿಲ್ಲ. ಏಪ್ರಿಲಿನಲ್ಲಿ ಒಂಬತ್ತನೆಯ ಇಯತ್ತೆ ಮುಗಿಸಿ ಹೋದ ಹುಡುಗಿಯರಲ್ಲಿ ಎಷ್ಟು ಮಂದಿ ಮರಳಿ ಬಂದರು ಎಂದು ಎಣಿಸುತ್ತೇನೆ. ಎಣಿಕೆ ಪೂರ್ತಿಯಾದ ವರ್ಷ ನನಗೆ ಹಬ್ಬ.

ಬಾರದವಳ ಮನೆಗೆ ಹೋದರೆ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ ತರಹದ್ದು.

"ಮಗಳು ಎಲ್ಲಿ ಅದಾಳ್ರಿ?"

"ಅಕಿ ಗಂಡನ ಮನಿಗಿ ಹೋಗ್ಯಾಳ್ರಿ ಟೀಚರ್ರೀ. ಹೊರಗಿನವರಿಗಿ ಕೊಟ್ಟಿಲ್ರಿ, ನನ್ನ ತಮ್ಮಗೇ ಕೊಟ್ಟೀವಿ."

"ಅಕಿಗಿ ಹದಿನೈದು ವರ್ಷ ಅಲ್ರಿ!"

"ಹತ್ತನೇದು ಅಲ್ಲೇ ಕುಂತು ಕಟ್ಟತಾಳ್ರಿ. ನನ್ನ ತಮ್ಮ ಬ್ಯಾಡ ಅನ್ನಾಂವಲ್ಲ."

ಹೇಳುವ ತಾಯಿಯ ದನಿಯಲ್ಲಿ ಕೇಡಿಲ್ಲ. ಈ ಸಲ ತೊಗರಿ ಮಾರಿದೆವು ಎಂದಷ್ಟೇ ಸಲೀಸಾಗಿ ಹೇಳುತ್ತಾಳೆ. ಆದರೆ ಅಲ್ಲೇ ಕುಳಿತು ಪರೀಕ್ಷೆ ಕಟ್ಟಿದ ಹುಡುಗಿಯನ್ನು ನಾನು ಕಂಡದ್ದು ಬಹಳ ಅಪರೂಪ. ಮುಂದಿನ ಬೇಸಿಗೆಗೆ ಅವಳು ತವರಿಗೆ ಬರುವುದು ಬಾಣಂತನಕ್ಕೆ.

ಇನ್ನು ಕೆಲವರು ಸೂಟಿಗೆ ಮೊದಲೇ ಬಂದು, "ಬ್ಯಾರೆ ಊರಾಗ ಹಾಕ್ತೀವ್ರಿ" ಎಂದು ಟಿ.ಸಿ. ಒಯ್ಯುತ್ತಾರೆ. ಹಾಜರಿ ಪುಸ್ತಕದಲ್ಲಿ ಅವಳು ಶಾಲೆ ಬಿಟ್ಟವಳಲ್ಲ, ಬೇರೆ ಶಾಲೆಗೆ ಹೋದವಳು. ಆ ಬೇರೆ ಶಾಲೆ ಯಾವುದು ಎಂದು ಯಾರೂ ಕೇಳುವುದಿಲ್ಲ. ಲೆಕ್ಕ ಸರಿಹೋಗುತ್ತದೆ, ಹುಡುಗಿ ಮಾತ್ರ ಕಾಣೆ.

ಸರಕಾರ ಏನೂ ಮಾಡಿಲ್ಲ ಎಂದು ಹೇಳಿದರೆ ಸುಳ್ಳಾದೀತು. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಬಂದದ್ದೇ ನಮ್ಮ ಈ ಭಾಗದ ಜಿಲ್ಲೆಗಳಿಗೆ. 2007ರಲ್ಲಿ ಅದು ಹೈಸ್ಕೂಲಿಗೂ ಬಂತು. ಪುಸ್ತಕ ಪುಕ್ಕಟೆ, ಸಮವಸ್ತ್ರ ಪುಕ್ಕಟೆ. 2006ರಿಂದ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಕೊಟ್ಟರು. ಹುಡುಗಿಯರು ಸಾಲಾಗಿ ಸೈಕಲ್ಲು ತುಳಿದುಕೊಂಡು ಬರುವುದನ್ನು ನೋಡುವುದೇ ಒಂದು ಸಂಭ್ರಮವಾಗಿತ್ತು. 2020ರಲ್ಲಿ ಕೊರೋನಾ ಬಂದಾಗ ಆ ಸೈಕಲ್ಲು ನಿಂತಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೇಟು ಪುಕ್ಕಟೆಯಾಯಿತು.

ಆದರೆ ಒಂದು ಮಾತನ್ನು ಗಮನಿಸಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದವರೆಗೆ, ಅಂದರೆ ಎಂಟನೆಯ ಇಯತ್ತೆಯವರೆಗೆ. 2006ರಲ್ಲಿ ಬಂದ ಭಾಗ್ಯಲಕ್ಷ್ಮಿ ಯೋಜನೆಯೂ 18ರವರೆಗೆ ಮದುವೆ ಮಾಡಬಾರದು ಎಂದಿತು, ಆದರೆ ಓದಿನ ಶರತ್ತು ಎಂಟನೆಯದಕ್ಕೇ ನಿಂತಿತು. ಕಾನೂನಿನ ಲೆಕ್ಕದಲ್ಲಿ ಮದುವೆಗೆ 18 ತುಂಬಬೇಕು. ಹಾಗಾದರೆ 14ರಿಂದ 18ರವರೆಗೆ ಹುಡುಗಿ ಯಾರ ಕೈಯಲ್ಲಿ? ಸರಕಾರದ ಹಗ್ಗ ಬಾವಿಯ ಅರ್ಧಕ್ಕೇ ಮುಗಿಯುತ್ತದೆ. ಉಳಿದರ್ಧಕ್ಕೆ ನಾವೇ ಹಗ್ಗ ಹೆಣೆಯಬೇಕು. ಹೈಸ್ಕೂಲಿನ ತಯಾರಿ ಎಂದು ನಾನು ಕರೆಯುವುದು ಇದನ್ನು.

ಈ ಮಾತು ಎತ್ತಿದಾಗ ಮೂರು ಉತ್ತರ ಸಿದ್ಧವಾಗಿರುತ್ತವೆ.

ಮೊದಲನೆಯದು, "ಕಾಲ ಕೆಟ್ಟದ ಟೀಚರ್ರೀ. ಹರೇದ ಹುಡುಗಿ, ಕೈಯಾಗ ಫೋನು, ದಾರಿ ತುಂಬ ಹುಡುಗರು. ಹೆಚ್ಚುಕಮ್ಮಿ ಆದರ ಯಾರು ಹೊಣಿ?" ಈ ಅಂಜಿಕೆ ಸುಳ್ಳಲ್ಲ. ನಾನೂ ಹೆಣ್ಣುಮಗಳೇ, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬೆಳೆದವಳೇ. ಆದರೆ ದಾರಿಯಲ್ಲಿ ಚುಡಾಯಿಸುವ ಹುಡುಗ ಆಕಾಶದಿಂದ ಉದುರಿದವನೇ? ಅವನೂ ಯಾವುದೋ ಓಣಿಯ ಯಾವಳೋ ತಾಯಿಯ ಮಗ. ಅವನನ್ನು ಬಿಟ್ಟು ಓದುವ ಹುಡುಗಿಯನ್ನು ಮನೆಯಲ್ಲಿ ಕೂಡಿಹಾಕುವುದು ಯಾವ ನ್ಯಾಯ? ಹೊಲಕ್ಕೆ ಹಂದಿ ನುಗ್ಗುತ್ತದೆ ಎಂದು ಯಾರೂ ಬಿತ್ತುವುದನ್ನೇ ಬಿಡುವುದಿಲ್ಲ, ಕಾವಲು ಕಾಯುತ್ತಾರೆ. ಒಂದು ಊರಿನ ಐದಾರು ಹುಡುಗಿಯರು ಕೂಡಿ ಬರಲಿ, ಕೂಡಿ ಹೋಗಲಿ. ಶಾಲೆಯ ಹೊತ್ತಿಗೆ ಬಸ್ಸು ಬರುವಂತೆ ಊರಿನ ತಾಯಂದಿರೇ ಸಹಿ ಹಾಕಿ ಡಿಪೋಕ್ಕೆ ಅರ್ಜಿ ಕೊಡಲಿ. ಟಿಕೇಟು ಪುಕ್ಕಟೆ ಇದ್ದು ಬಸ್ಸೇ ಹೊತ್ತಿಗೆ ಬಾರದಿದ್ದರೆ ಏನು ಬಂತು?

ಎರಡನೆಯದು ಬಡತನ. ಆಳಂದ ತಾಲ್ಲೂಕಿನ ಬಡತನವನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟರೆ ಅರ್ಧ ಓಣಿ ಮುಂಬಯಿ, ಪುಣೆಯ ದಾರಿ ಹಿಡಿಯುತ್ತದೆ. ಮಗಳನ್ನು ಯಾರ ಹತ್ತಿರ ಬಿಟ್ಟು ಹೋಗುವುದು ಎಂಬ ಚಿಂತೆಯಲ್ಲೇ ಎಷ್ಟೋ ಮದುವೆಗಳಾಗುತ್ತವೆ. ಆದರೆ ನೋಟುಬುಕ್ಕಿಗೆ ರೊಕ್ಕವಿಲ್ಲ ಎಂದ ಮನೆಯೇ ಮದುವೆಗೆ ಬಡ್ಡಿ ಸಾಲ ತಂದು ಊರಿಗೆಲ್ಲ ಊಟ ಹಾಕುವುದನ್ನು ಕಂಡಿದ್ದೇನೆ. ಆ ಸಾಲ ತೀರಿಸಲು ಮತ್ತೆ ಪುಣೆಗೇ ಹೋಗಬೇಕು. ಬಡತನದ ಹೆಸರಿನಲ್ಲಿ ಮಾಡಿದ ಮದುವೆಯಿಂದ ಬಡತನ ಕಡಿಮೆಯಾದ ಮನೆಯೊಂದನ್ನು ಯಾರಾದರೂ ತೋರಿಸಿದರೆ ನಾನು ಬಾಯಿ ಮುಚ್ಚುತ್ತೇನೆ.

ಮೂರನೆಯದು ನನಗೆ ಬಹಳ ಸಿಟ್ಟು ತರುವ ಉತ್ತರ: "ಹೆಂಗೂ ಫೇಲ್ ಆಗತಾಳ್ರಿ." 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡಕ್ಕೆ ಶೇಕಡಾ 91.12, ನಮ್ಮ ಕಲಬುರಗಿಗೆ 42.43. ರಾಜ್ಯದಲ್ಲೇ ಕೊನೆ. ಪತ್ರಿಕೆಗಳಲ್ಲಿ ಈ ಅಂಕಿ ಬಂದಾಗ ಎಲ್ಲರೂ ಶಿಕ್ಷಕರನ್ನು ಬೈದರು. ಬೈಯಲಿ, ನಮ್ಮ ಪಾಲಿನದು ನಮಗಿರಲಿ. ಖಾಲಿ ಹುದ್ದೆ ತುಂಬದವರ ಪಾಲು ಅವರಿಗಿರಲಿ. ಆದರೆ ಮಂಗಳೂರಿನ ಮಗುವಿನ ಶಾಲಾ ವರ್ಷವೂ ನಮ್ಮ ಮಗುವಿನ ಶಾಲಾ ವರ್ಷವೂ ಒಂದೇ ಉದ್ದದವೇ?

ನಮ್ಮಲ್ಲಿ ಶಾಲೆ ತೆರೆಯುವುದೂ ಮಿರಗ ಕೂಡುವುದೂ ಹೆಚ್ಚುಕಡಿಮೆ ಒಂದೇ ವಾರ. ಹೊಲ ಹದ ಮಾಡಬೇಕು, ಬೀಜ ಗೊಬ್ಬರ ತರಬೇಕು, ಹೆಸರು, ಉದ್ದು, ತೊಗರಿ ಬಿತ್ತಬೇಕು. ಮನೆಯಲ್ಲಿದ್ದ ರೊಕ್ಕವೆಲ್ಲ ಬೀಜದ ಚೀಲಕ್ಕೆ, ದೊಡ್ಡವರೆಲ್ಲ ಹೊಲಕ್ಕೆ. ಕೂಸನ್ನು ಎತ್ತಿಕೊಳ್ಳಲು, ರೊಟ್ಟಿ ಬಡಿಯಲು, ಹೊಲಕ್ಕೆ ಬುತ್ತಿ ಒಯ್ಯಲು ಯಾರು? ಹೈಸ್ಕೂಲಿನ ಹುಡುಗಿ. ಆ ವಾರಗಳಲ್ಲೇ ಶಾಲೆಯಲ್ಲಿ ಸೇತುಬಂಧ ನಡೆಯುತ್ತಿರುತ್ತದೆ. ಹಿಂದಿನ ವರ್ಷ ಮಕ್ಕಳಿಗೆ ಏನು ಬಂದಿದೆ, ಏನು ಬಂದಿಲ್ಲ ಎಂದು ನೋಡಿ, ಬಾರದ್ದನ್ನು ಮತ್ತೆ ಹೇಳಿಕೊಡುವ ಪಾಠ ಅದು. ಏಳನೆಯದರಲ್ಲಿ ಭಿನ್ನರಾಶಿ ಬಾರದ ಹುಡುಗಿ ಈ ಸೇತುವೆ ದಾಟದೆ ಬಂದರೆ ಎಂಟನೆಯ ಗಣಿತದಲ್ಲಿ ಕಾಲಿಡುವುದಾದರೂ ಎಲ್ಲಿ? ಜುಲೈನಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ, ತಲೆ ತಗ್ಗಿಸುತ್ತಾಳೆ. ಡಿಸೆಂಬರ್ ಬಂತೆಂದರೆ ತೊಗರಿಯ ರಾಶಿ. ಹತ್ತನೆಯವರು ಪರೀಕ್ಷೆಗೆ ಓದಬೇಕಾದ ಹೊತ್ತಿಗೇ ಮತ್ತೆ ಹೊಲ ಕರೆಯುತ್ತದೆ. ತಲೆಯಲ್ಲೂ ಬಾಲದಲ್ಲೂ ಕತ್ತರಿಸಿದ ವರ್ಷವನ್ನು ಕೊಟ್ಟು, ಫೇಲಾದಳು ಎಂದು ಅವಳನ್ನೇ ದೂರಿದರೆ ಹೇಗೆ? 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು. ಫೇಲಾದವಳು ಮತ್ತೆ ಕೂರಬಹುದು. ಲಗ್ನದ ಮನೆಯವರು ಮಾತ್ರ ಎರಡನೆಯ ಪರೀಕ್ಷೆಯವರೆಗೂ ತಾಳುವುದಿಲ್ಲ.

ಹಾಗಾದರೆ ತಯಾರಿ ಹೇಗೆ? ಹೊಲ ಬಿಡಿರಿ ಎಂದು ನಾನು ಹೇಳುವುದಿಲ್ಲ. ಹೊಲ ಬಿಟ್ಟರೆ ಉಣ್ಣುವುದೇನು? ಮೊದಲ ಹದಿನೈದು ದಿನ ಹುಡುಗಿಯನ್ನು ಶಾಲೆಗೆ ಬಿಡಿರಿ ಎನ್ನುತ್ತೇನೆ. ಕೂಸನ್ನು ಅಂಗನವಾಡಿಗೆ ಹಾಕಿರಿ. ಮಗನ ಕೈಗೂ ಕೊಡ ಕೊಡಿರಿ. ನೀರು ತಂದರೆ ಅವನ ಗಂಡಸುತನವೇನೂ ಸವೆಯುವುದಿಲ್ಲ. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ಮೇ ತಿಂಗಳಲ್ಲೇ ನಾಡಕಚೇರಿಗೆ ಹೋಗಿ ಬನ್ನಿರಿ, ಸ್ಕಾಲರ್‌ಶಿಪ್ಪಿನ ಹೊತ್ತಿಗೆ ಮಗಳನ್ನು ಪಾಠ ಬಿಡಿಸಿ ಸಾಲಿನಲ್ಲಿ ನಿಲ್ಲಿಸಬೇಡಿರಿ. ಸಂಜೆ ದೀಪ ಹಚ್ಚಿದ ಮೇಲೆ ಎರಡು ತಾಸು ಅವಳನ್ನು ಯಾರೂ ಕೆಲಸಕ್ಕೆ ಕರೆಯಬಾರದು. ಎಲ್ಲಕ್ಕಿಂತ ಮೊದಲು, ಏಪ್ರಿಲಿನಲ್ಲಿ ಸೂಟಿ ಬಿಡುವಾಗಲೇ ಒಂಬತ್ತನೆಯ ಹುಡುಗಿಯರ ತಾಯಂದಿರನ್ನು ಶಾಲೆಗೆ ಕರೆಸಿ, "ಈ ಬೇಸಿಗೆಯಲ್ಲಿ ಮಾತುಕತೆ ಇಲ್ಲ, ಜೂನಿಗೆ ಹುಡುಗಿ ಇಲ್ಲಿ ಬರಬೇಕು" ಎಂದು ಎಲ್ಲರ ಎದುರಿಗೆ ಮಾತು ತೆಗೆದುಕೊಳ್ಳಬೇಕು. ನಾಲ್ಕು ಮಂದಿ ಹೆಂಗಸರ ಮುಂದೆ ಕೊಟ್ಟ ಮಾತನ್ನು ಮುರಿಯಲು ನಮ್ಮ ಕಡೆಯ ಹೆಂಗಸು ಹಿಂಜರಿಯುತ್ತಾಳೆ. ಗಂಡನ ಎದುರಿಗೆ, ಅಣ್ಣತಮ್ಮಂದಿರ ಎದುರಿಗೆ ಅವಳಿಗೊಂದು ಆಸರೆಯೂ ಆಗುತ್ತದೆ. ಶಾಲೆ ತೆರೆದ ದಿನ ತೋರಣ ಕಟ್ಟಿ ಸಿಹಿ ಹಂಚುವ ಪ್ರಾರಂಭೋತ್ಸವಕ್ಕಿಂತ ಇಂಥ ಒಂದು ಸಭೆ ಮೇಲು.

ಶ್ರಾವಣ ಬಂದರೆ ನಮ್ಮ ಊರುಗಳಲ್ಲಿ ಪುರಾಣ ಹಚ್ಚುತ್ತಾರೆ. ಅಕ್ಕಮಹಾದೇವಿ ಕೌಶಿಕ ರಾಜನನ್ನು ಬಿಟ್ಟು ನಡೆದ ಕಥೆ ಬಂದಾಗ ಹೆಂಗಸರು ಕಣ್ಣೀರು ಒರೆಸಿಕೊಳ್ಳುತ್ತಾರೆ, ಕೈ ಮುಗಿಯುತ್ತಾರೆ. ಅರಮನೆಯನ್ನೇ ಒಲ್ಲೆ ಎಂದವಳಿಗೆ ಕೈ ಮುಗಿದು ಮನೆಗೆ ಬಂದು, "ಈಗ ಲಗ್ನ ಒಲ್ಲೆ, ಓದತೀನಿ" ಎಂದ ಸ್ವಂತ ಮಗಳ ಬಾಯಿ ಮುಚ್ಚಿಸುವುದು ಎಂಥ ಭಕ್ತಿ?

ಇದನ್ನು ಓದುತ್ತಿರುವ ನೀವು ಪಟ್ಟಣದವರು, ಓದು ಬಲ್ಲವರು. "ಇದು ಹಳ್ಳಿಯ ಸುದ್ದಿ, ನಮ್ಮ ಮಗಳು ಪಿ.ಯು.ಸಿ. ಸಾಯನ್ಸು" ಎಂದು ಪುಟ ಮಗುಚಬೇಡಿರಿ. ನಿಮ್ಮ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಹದಿನೈದರ ಹುಡುಗಿ ಯಾವ ಊರಿನವಳು, ಎಷ್ಟನೆಯದಕ್ಕೆ ಬಿಟ್ಟಳು ಎಂದು ಕೇಳಿದ್ದೀರಾ? ಅವಳು ಬಿಟ್ಟುಬಂದ ಬೆಂಚು ನಮ್ಮ ಶಾಲೆಯಲ್ಲಿ ಖಾಲಿ ಇದೆ. ನಿಮ್ಮ ತವರಿನ ಕಡೆಯಿಂದ ಲಗ್ನಕ್ಕೆ ಕರೆ ಬರುತ್ತದೆ. ಸೀರೆ ಉಟ್ಟು, ಉಡುಗೊರೆ ಹಿಡಿದು ಹೋಗುತ್ತೀರಿ. ಹುಡುಗಿಯ ಮುಖ ನೋಡಿದರೆ ವಯಸ್ಸು ತಿಳಿಯುತ್ತದೆ. ಆದರೂ, ನಮಗ್ಯಾಕೆ ಎಂದು ಅಕ್ಕಿಕಾಳು ಹಾಕಿ, ಊಟ ಮಾಡಿ ಬರುತ್ತೀರಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಹಾಗೆ ಹೋಗಿ ಕೂಡುವುದೂ ಅಪರಾಧವೇ. 2 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. 2017ರಲ್ಲಿ ಬಂದ ಕರ್ನಾಟಕದ ತಿದ್ದುಪಡಿ ಅಂಥ ಲಗ್ನ ಲಗ್ನವೇ ಅಲ್ಲ ಎಂದು ಹೇಳಿದೆ. ಹೆಂಗಸರನ್ನು ಜೈಲಿಗೆ ಕಳಿಸುವುದು ಬೇಡವೆಂದು 2006ರ ಕಾಯ್ದೆ ಕರುಣೆ ತೋರಿತು. ಅದನ್ನು ಬರೆದವರು, ಈ ಮದುವೆಗಳಲ್ಲಿ ಹೆಂಗಸಿನ ಮಾತು ನಡೆಯುವುದಿಲ್ಲ ಎಂದುಕೊಂಡಿರಬೇಕು. ನಡೆಯುತ್ತದೆ. ಸೀರೆ ಆರಿಸುವವಳು ಹೆಂಗಸು, ಉಡಿ ತುಂಬುವವಳು ಹೆಂಗಸು, ತಮ್ಮನಿಗೇ ಕೊಡೋಣ ಎಂದು ಮಾತು ತೆಗೆಯುವವಳೂ ಹೆಂಗಸು. ಅಷ್ಟೆಲ್ಲ ನಡೆಯುವ ಮಾತು, ಇನ್ನು ಮೂರು ವರ್ಷ ತಡೆಯಿರಿ ಎಂದು ಹೇಳಲು ಯಾಕೆ ನಡೆಯಬಾರದು?

ಬರುವ ಬೇಸಿಗೆಯಲ್ಲಿ ನಿಮ್ಮ ಮನೆಗೆ ಲಗ್ನಪತ್ರಿಕೆ ಹಿಡಿದು ಯಾರಾದರೂ ಬಂದರೆ ಚಹಾ ಕೊಡಿರಿ, ಕುಂಕುಮ ಹಚ್ಚಿರಿ. ಪತ್ರಿಕೆ ಕೈಗೆ ತೆಗೆದುಕೊಳ್ಳುವ ಮೊದಲು, "ಹುಡುಗಿ ಎಷ್ಟನೇ ಇಯತ್ತೆ?" ಎಂದು ಕೇಳಿರಿ. ಹೈಸ್ಕೂಲು ಎಂದರೆ, ನಾವು ಬರುವುದಿಲ್ಲ ಎಂದು ಅವರ ಮುಖಕ್ಕೇ ಹೇಳಿರಿ. ಆಮೇಲೆ 1098ಕ್ಕೆ ಒಂದು ಫೋನು ಮಾಡಿರಿ. ದುಡ್ಡು ಬೀಳುವುದಿಲ್ಲ, ನಿಮ್ಮ ಹೆಸರೂ ಹೇಳಬೇಕಾಗಿಲ್ಲ. ಬಂಧುಗಳು ಮುನಿಯುತ್ತಾರೆ, ಹೌದು. ಮುನಿದ ಬಂಧುಗಳು ಎರಡು ದೀಪಾವಳಿ ಕಳೆದರೆ ಮತ್ತೆ ಮಾತಾಡುತ್ತಾರೆ. ಒಂಬತ್ತನೆಯದಕ್ಕೆ ಶಾಲೆ ಬಿಟ್ಟು ಹೋದ ಹುಡುಗಿ ಮತ್ತೆ ಬರುವುದಿಲ್ಲ.