ಮಂಜುಗಡ್ಡೆಯ ಹಾಕಿಯೂ ಮನೆಯ ಖರ್ಚೂ

ಹಾಕಿ ಎಂದೊಡನೆ ನಮ್ಮ ವಾಚಕರ ಕಣ್ಣೆದುರಿಗೆ ಬರುವುದು ಬಯಲು, ಬಾಗಿದ ಕೋಲು, ಧ್ಯಾನಚಂದರ ಹೆಸರು. ಒಂದು ಕೋಲೂ ಒಂದು ಚೆಂಡೂ ದೊರೆತರೆ ಬಡವರ ಮಕ್ಕಳೂ ಆ ಆಟವನ್ನು ಆಡಿಯಾರು. ಕೆನಡಾ ದೇಶದಲ್ಲಿ ಹಾಕಿ ಎಂದರೆ ಬೇರೆಯೇ ವಸ್ತು. ಅಲ್ಲಿಯವರು ಉಕ್ಕಿನ ಅಲಗುಳ್ಳ ಜೋಡುಗಳನ್ನು ತೊಟ್ಟು ಮಂಜುಗಡ್ಡೆಯ ಮೇಲೆ ಜಾರುತ್ತ, ಚೆಂಡಿಗೆ ಬದಲಾಗಿ ರಬ್ಬರಿನ ಗಟ್ಟಿ ಬಿಲ್ಲೆಯೊಂದನ್ನು ಅಟ್ಟಿಕೊಂಡು ಹೋಗುವರು. ಅಲ್ಲಿ ಶಾಲೆಗೆ ಹೋಗುವ ಹುಡುಗನು ಈ ಆಟವನ್ನು ಬಯಸುವುದು ನಮ್ಮ ಹುಡುಗರು ಕ್ರಿಕೆಟನ್ನು ಬಯಸುವಷ್ಟೇ ಸಹಜ. ಟೊರಾಂಟೊ ಮೊದಲಾದ ಪಟ್ಟಣಗಳಲ್ಲಿ ನೆಲಸಿರುವ ಕನ್ನಡಿಗರ ಮಕ್ಕಳಿಗೂ ಈ ಮಾತು ಸಲ್ಲುತ್ತದೆ. ಮಗು ಬಯಸಿತೆಂದರೆ ತಂದೆತಾಯಿಗಳು ಮೊದಲು ತಡವಿ ನೋಡಬೇಕಾದುದು ಹಣದ ಚೀಲವನ್ನು.

ಅಮೆರಿಕದ ಆಸ್ಪೆನ್ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮಂಜುಗಡ್ಡೆಯ ಹಾಕಿಗೆ ಮಗುವೊಂದಕ್ಕೆ ವರ್ಷಕ್ಕೆ ಸರಾಸರಿ 2,583 ಡಾಲರು ತಗಲುತ್ತಿತ್ತು. ಅವರು ಲೆಕ್ಕ ಹಾಕಿದ ಆಟಗಳಲ್ಲೆಲ್ಲ ಇದೇ ಅತಿ ದುಬಾರಿ. ಪ್ರಯಾಣ, ಆಟದಂಗಳದ ಶುಲ್ಕ, ಶಿಕ್ಷಣ ಇವೆಲ್ಲ ಅದರಲ್ಲಿ ಸೇರಿವೆಯಾದರೂ, ಮನೆಯವರ ಕಣ್ಣಿಗೆ ನೇರವಾಗಿ ಬೀಳುವುದು ಸಲಕರಣೆಯ ಮೂಟೆ: ಶಿರಸ್ತ್ರಾಣ, ಮುಖಕ್ಕೆ ಜಾಲರಿ, ಕೊರಳಪಟ್ಟಿ, ಹೆಗಲಿಗೆ, ಮೊಣಕೈಗೆ, ಮೊಣಕಾಲಿಗೆ ಕವಚ, ಕೈಚೀಲಗಳು, ಜೋಡು, ಕೋಲು. ಮಗುವು ಬೆಳೆಯುವ ವಯಸ್ಸಿನದಾದ ಕಾರಣ ಇವುಗಳಲ್ಲಿ ಬಹುಪಾಲು ಎರಡು ವರ್ಷಕ್ಕೆ ಬಿಗಿಯಾಗಿಬಿಡುತ್ತವೆ.

ಈ ಸಲಕರಣೆಗಳು ಮುಂದೆ ಹೇಗಾಗುವುವೆಂಬ ಪ್ರಶ್ನೆಯನ್ನು ಎಂಜಿನಿಯರುಗಳು ಒಂದು ಬಗೆಯಲ್ಲಿ ಕೇಳುತ್ತಾರೆ. ಗೃಹಸ್ಥರು ಕೇಳಬೇಕಾದ ಬಗೆ ಬೇರೆ. ಹೊಸ ವಸ್ತುವಿನಲ್ಲಿ ಏರಿದ ಬೆಲೆಯು ಮಗುವಿನ ರಕ್ಷಣೆಗೆ ಹೋಯಿತೋ, ಮೇಲ್ತರಗತಿಯ ಆಟಗಾರನ ವೇಗಕ್ಕೆ ಹೋಯಿತೋ ಎಂಬುದೇ ನಮ್ಮ ಮಟ್ಟಿಗೆ ಮುಖ್ಯವಾದ ವಿಚಾರ.

ಕೋಲನ್ನೇ ನೋಡೋಣ. ನೋವಾಸ್ಕೋಷಿಯಾ ಪ್ರಾಂತದ ಮಿಕ್‌ಮಾಕ್ ಎಂಬ ಮೂಲನಿವಾಸಿಗಳು ಒಂದೇ ಮರದ ತುಂಡಿನಿಂದ ಹಾಕಿಕೋಲುಗಳನ್ನು ಕೆತ್ತಿ ಮಾರುತ್ತಿದ್ದರು. ಬಳಿಕ ಕಾರ್ಖಾನೆಗಳು ಆಶ್ ಮೊದಲಾದ ಮರಗಳನ್ನು ಅಂಟಿಸಿ ಕೋಲು ಮಾಡಿದುವು. 1980ರ ದಶಕದಲ್ಲಿ ಅಲ್ಯುಮಿನಿಯಮ್ಮಿನ ಹಿಡಿ ಬಂತು. 2000ದ ಆಸುಪಾಸಿನಲ್ಲಿ ಕಾರ್ಬನ್ ನಾರನ್ನು ರಾಳದೊಡನೆ ಒತ್ತಿ ಮಾಡಿದ ಒಡೆಯದ ಜೋಡಣೆಯ ಒಂಟಿ ಕೋಲು ಬಂದು ಮರವನ್ನು ಬಹುಮಟ್ಟಿಗೆ ಹೊರಗಟ್ಟಿತು. ಇಂದು ಉತ್ತಮ ದರ್ಜೆಯ ಕೋಲಿನ ತೂಕ ಸುಮಾರು 400 ಗ್ರಾಂ ಮಾತ್ರ. ಬೆಲೆಯೋ, 300 ಡಾಲರನ್ನು ದಾಟಿದೆ. ಇಷ್ಟು ಹಣ ತೆತ್ತ ಕೋಲು ಒಂದು ಕೆಟ್ಟ ಪೆಟ್ಟಿಗೆ ಸರಕ್ಕನೆ ಎರಡು ತುಂಡಾಗುವುದೂ ಉಂಟು. ದೊಡ್ಡ ಆಟಗಾರರಿಗೆ ಅದರಿಂದ ಚಿಂತೆಯಿಲ್ಲ. ಅವರ ತಂಡ ಇನ್ನೊಂದನ್ನು ಕೈಗೆ ಕೊಡುತ್ತದೆ. ಹತ್ತು ವರ್ಷದ ಹುಡುಗನ ತಂದೆಗೆ ಹಾಗೆ ಕೊಡುವವರು ಯಾರು?

ಇಲ್ಲಿ ಇನ್ನೊಂದು ಮಾತಿದೆ. ಕೋಲಿನ ಮೇಲೆ ಅಚ್ಚಾಗಿರುವ ಒಂದು ಅಂಕೆಯು ಅದನ್ನು ಒಂದು ಅಂಗುಲ ಬಾಗಿಸಲು ಎಷ್ಟು ಪೌಂಡು ಬಲ ಬೇಕೆಂಬುದನ್ನು ತಿಳಿಸುತ್ತದೆ. ಆಟಗಾರನ ತೂಕ ಎಷ್ಟು ಪೌಂಡೋ ಅದರ ಅರ್ಧದಷ್ಟು ಅಂಕೆಯ ಕೋಲು ಸಾಕೆಂಬುದು ಬಲ್ಲವರ ವಾಡಿಕೆಯ ಲೆಕ್ಕ. ಮಗುವು ಬೆಳೆದು ದೊಡ್ಡದಾದೀತೆಂದು ದೊಡ್ಡವರ ಕೋಲನ್ನು ತಂದು ಗರಗಸದಿಂದ ಗಿಡ್ಡಮಾಡಿದರೆ ಅದು ಮತ್ತಷ್ಟು ಬಿರುಸಾಗಿ ಸ್ವಲ್ಪವೂ ಬಾಗದು. ಹೀಗಾಗಿ ಹೆಚ್ಚು ಹಣ ಕೊಟ್ಟು ಕಡಿಮೆ ಪ್ರಯೋಜನವನ್ನು ಮನೆಗೆ ತಂದಂತಾಗುತ್ತದೆ. ಎಳೆಯರಿಗೆ ಅಗ್ಗದ ಮಕ್ಕಳ ಕೋಲೇ ಲೇಸು.

ರಕ್ಷಣೆಯ ಕತೆ ಇದಕ್ಕಿಂತ ಗಂಭೀರವಾದುದು. ಆ ದೇಶದ ಆಟಗಾರರು ಬಹುಕಾಲ ಬೋಳುತಲೆಯಲ್ಲಿಯೇ ಆಡುತ್ತಿದ್ದರು. ತಲೆಗೆ ಏನನ್ನಾದರೂ ಹಾಕಿಕೊಳ್ಳುವುದು ಹೇಡಿತನವೆಂಬ ಭಾವನೆಯಿತ್ತು. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಮಾಂಟ್ರಿಯಲ್ ತಂಡದ ಗೋಲುರಕ್ಷಕ ಜಾಕ್ ಪ್ಲಾಂಟ್ ಎಂಬಾತನ ಮುಖಕ್ಕೆ ಬಿಲ್ಲೆ ಬಡಿದು ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದ ಆತನು ಮುಖಕವಚವಿಲ್ಲದೆ ಕಣಕ್ಕಿಳಿಯಲೊಲ್ಲೆನೆಂದು ಹಟ ಹಿಡಿದನು. ತರಬೇತುದಾರನಿಗೆ ಅದು ಹಿಡಿಸದಿದ್ದರೂ ಒಪ್ಪಬೇಕಾಯಿತು. ಅಂದಿನಿಂದ ಗೋಲುರಕ್ಷಕರಲ್ಲಿ ಕವಚ ಹರಡಿತು. ಉಳಿದವರಿಗೆ ಬುದ್ಧಿ ಬರಲು ಇನ್ನೂ ಕಾಲ ಹಿಡಿಯಿತು. 1968ರ ಜನವರಿಯಲ್ಲಿ ಬಿಲ್ ಮಾಸ್ಟರ್‌ಟನ್ ಎಂಬ ಆಟಗಾರನು ಮಂಜುಗಡ್ಡೆಗೆ ತಲೆ ಬಡಿದು ತೀರಿಕೊಂಡ ಮೇಲೂ, ನ್ಯಾಷನಲ್ ಹಾಕಿ ಲೀಗಿನವರು ಹೊಸಬರಿಗೆ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿದುದು 1979ರಲ್ಲಿ.

ಶಿರಸ್ತ್ರಾಣವಿದ್ದರಾಯಿತೆ? ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಅಂಗಡಿಯಲ್ಲಿ ಸಿಗುವ ಶಿರಸ್ತ್ರಾಣಗಳನ್ನು ಪರೀಕ್ಷಿಸಿ, ಪೆಟ್ಟಿನ ಜೋರನ್ನು ಎಷ್ಟು ತಗ್ಗಿಸುತ್ತವೆಂಬುದಕ್ಕೆ ನಕ್ಷತ್ರಗಳ ದರ್ಜೆ ಕೊಟ್ಟು 2015ರಲ್ಲಿ ಪ್ರಕಟಿಸಿದರು. ಐದು ನಕ್ಷತ್ರ ಒಂದಕ್ಕೂ ಬರಲಿಲ್ಲ, ನಾಲ್ಕೂ ಬರಲಿಲ್ಲ. ದುಬಾರಿಯಾದುದೆಲ್ಲ ಒಳ್ಳೆಯದು ಎಂಬ ನಂಬಿಕೆಗೂ ಅಲ್ಲಿ ಆಧಾರ ಸಿಗಲಿಲ್ಲ. ಈ ಪಟ್ಟಿ ಬಂದ ಬಳಿಕ ತಯಾರಕರು ಎಚ್ಚತ್ತುಕೊಂಡರು. ಐದು ನಕ್ಷತ್ರದವು ಈಗ ದೊರೆಯುತ್ತವೆ. ಸಿಸಿಎಂ ಕಂಪೆನಿಯವರು 2020ರಲ್ಲಿ ಪ್ರಕಟಿಸಿದ ಒಂದು ಮಾದರಿಯಲ್ಲಿ ನೊರೆಯ ಮೆತ್ತೆಗೆ ಬದಲಾಗಿ ಯಂತ್ರದಲ್ಲಿ ಪದರಪದರವಾಗಿ ಮುದ್ರಿಸಿದ ಜಾಲರಿಯಂಥ ಒಳಪದರವನ್ನು ಇಟ್ಟರು. ಪೆಟ್ಟು ಹೆಚ್ಚಾಗಿ ಬೀಳುವ ಕಡೆ ಜಾಲರಿಯನ್ನು ಬೇರೆ ರೀತಿಯಾಗಿ ಹೆಣೆಯಬಹುದೆಂಬುದು ಇದರ ಗುಣ. ಅಂಥ ಕೆಲಸಕ್ಕೆ ಹೆಚ್ಚು ಬೆಲೆ ಬಿದ್ದರೆ ನಾವು ಗೊಣಗುವುದಿಲ್ಲ. ಆದರೆ ಅದು ಸಿರಿವಂತರ ಮಕ್ಕಳ ತಲೆಗೆ ಮಾತ್ರ ಮೀಸಲಾಗಿ ನಿಲ್ಲಬಾರದು.

ಕೊರಳಿನ ವಿಷಯ ಹೀಗಲ್ಲ. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ, ನಾಟಿಂಗ್‌ಹ್ಯಾಮ್ ತಂಡದ ಆಡಮ್ ಜಾನ್ಸನ್ ಎಂಬ ತರುಣನು ಎದುರಾಳಿಯ ಜೋಡಿನ ಅಲಗು ಕೊರಳಿಗೆ ತಗಲಿ ಮಡಿದನು. ಆ ಬಳಿಕ ಅಂತರರಾಷ್ಟ್ರೀಯ ಒಕ್ಕೂಟವು ತನ್ನ ಪಂದ್ಯಗಳಲ್ಲಿ ಕೊರಳಪಟ್ಟಿಯನ್ನು ಕಡ್ಡಾಯಗೊಳಿಸಿತು; ಅಮೆರಿಕದ ಮಕ್ಕಳಿಗೆ 2024ರ ಆಗಸ್ಟಿನಿಂದ ಆ ನಿಯಮ ಬಂತು; ಕೆನಡಾದ ಮಕ್ಕಳಿಗೆ ಅದು ಮೊದಲೇ ಇತ್ತು. ನ್ಯಾಷನಲ್ ಹಾಕಿ ಲೀಗಿನವರು 2026-27ರ ಋತುವಿನಿಂದ ಹೊಸದಾಗಿ ಬರುವ ಆಟಗಾರರಿಗೆ ಕಡ್ಡಾಯವೆಂದು 2025ರಲ್ಲಿ ಒಪ್ಪಂದ ಮಾಡಿಕೊಂಡರು. ಸುಲಭವಾಗಿ ಸೀಳದ ನಾರಿನಿಂದ ನೆಯ್ದ ಈ ಪಟ್ಟಿಯ ಬೆಲೆ ಕೋಲಿನ ಬೆಲೆಯ ಒಂದು ಸಣ್ಣ ಭಾಗವಷ್ಟೆ. ಮೂಟೆಯಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತುಗಳಲ್ಲಿ ಇದೊಂದು. ದೊಡ್ಡವರು ಇದಕ್ಕೆ ಒಪ್ಪಲು ಒಂದು ಪ್ರಾಣ ಹೋಗಬೇಕಾಯಿತು.

ಜೋಡುಗಳಲ್ಲಿ ಮನೆಯವರಿಗೆ ನೆರವಾಗುವ ಮಾರ್ಪಾಡುಗಳು ನಿಜವಾಗಿಯೂ ಆಗಿವೆ. ಒಲೆಯಂಥ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಾಡಿ ಕಾಲಿಗೆ ತೊಟ್ಟರೆ ಪಾದದ ಆಕಾರಕ್ಕೆ ಒಗ್ಗುವ ಜೋಡುಗಳಿವೆ. ಅಲಗು ಸವೆದರೆ ಅದೊಂದನ್ನೇ ಬದಲಾಯಿಸಬಹುದು. ಪುಟ್ಟ ಮಕ್ಕಳಿಗೆ ಉದ್ದವನ್ನು ಹಿಗ್ಗಿಸಬಹುದಾದ ಜೋಡುಗಳೂ ಬಂದಿವೆ. ಕಾಲನ್ನು ಯಂತ್ರದಿಂದ ಅಳೆದು ಒಬ್ಬನಿಗಾಗಿಯೇ ಮಾಡಿಕೊಡುವ ಜೋಡನ್ನು ಮಾತ್ರ ಬೆಳೆಯುವ ಮಗುವಿಗೆ ಕೊಳ್ಳುವುದು ದುಂದು; ತಮ್ಮನಿಗೂ ಅದು ಬಾರದು.

ಅಣ್ಣನದು ತಮ್ಮನಿಗೆ ಎಂಬ ಪದ್ಧತಿ ಆ ದೇಶಗಳಲ್ಲಿಯೂ ಇದೆ. ಹಳೆಯ ಸಾಮಾನುಗಳನ್ನು ಕೊಂಡು ಮಾರುವ ಅಂಗಡಿಗಳೇ ಇವೆ. ಕವಚ, ಕೋಲುಗಳನ್ನು ಅಲ್ಲಿ ಧೈರ್ಯವಾಗಿ ಕೊಳ್ಳಬಹುದು. ಶಿರಸ್ತ್ರಾಣದಲ್ಲಿ ಎಚ್ಚರ ಬೇಕು: ಅಮೆರಿಕದಲ್ಲಿ ಅದಕ್ಕೆ ಅಂಟಿಸಿರುವ ಪ್ರಮಾಣಚೀಟಿಯು ತಯಾರಾದ ದಿನದಿಂದ ಆರೂವರೆ ವರ್ಷಕ್ಕೆ ಮುಗಿಯುತ್ತದೆ. ಕೆನಡಾದಲ್ಲಿ ಹೊಸದಾಗಿ ಆಟ ಕಲಿಯುವ ಮಕ್ಕಳಿಗೆ, ಬಾವರ್ ಕಂಪೆನಿಯೂ ಹಾಕಿ ಕೆನಡಾ ಸಂಸ್ಥೆಯೂ ಕೂಡಿ, ಸುಮಾರು ಇನ್ನೂರು ಡಾಲರಿನ ಆಸುಪಾಸಿನ ಶುಲ್ಕಕ್ಕೆ ಅಡಿಯಿಂದ ಮುಡಿಯವರೆಗಿನ ಸಲಕರಣೆಯನ್ನೂ ಮೊದಲ ಪಾಠಗಳನ್ನೂ ಒದಗಿಸುವ ಏರ್ಪಾಡನ್ನು ನಡೆಸಿದ್ದಾರೆ. ಅಷ್ಟು ಅಗ್ಗವಾಗಿ ಮಾಡಲು ಸಾಧ್ಯವೆಂದು ತಯಾರಕರೇ ತೋರಿಸಿಕೊಟ್ಟಂತಾಯಿತಲ್ಲವೆ?

ನಮ್ಮ ದೇಶದಲ್ಲಿಯೂ ಈ ಆಟ ಉಂಟು, ಲಡಾಖಿನಲ್ಲಿ. ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ, ಅಲ್ಲಿಯ ಸಿಪಾಯಿಗಳು ಸೈನ್ಯದ ಬೂಟುಗಳಿಗೆ ಅಲಗು ಕೂಡಿಸಿಕೊಂಡು ಆಡುತ್ತಿದ್ದ ಕಾಲವೊಂದಿತ್ತು. ಹೆಣ್ಣುಮಕ್ಕಳಂತೂ ಗಂಡಸರಿಂದ ಎರವು ತಂದ ಸಲಕರಣೆಗಳಲ್ಲಿ ಕಲಿತರು. ಸಾರ್ವಜನಿಕರಿಂದ ಚಂದಾ ಎತ್ತಿ 2016ರಲ್ಲಿ ಅವರ ತಂಡ ಮೊದಲ ಬಾರಿಗೆ ಹೊರದೇಶದ ಪಂದ್ಯಕ್ಕೆ ಹೋಯಿತು. 2018ರಲ್ಲಿ ಕೆನಡಾದ ಖ್ಯಾತ ಆಟಗಾರ್ತಿ ಹೇಲಿ ವಿಕನ್‌ಹೈಸರ್ ಲಡಾಖಿಗೆ ಬಂದು, ಜತೆಯಲ್ಲಿ ಸಲಕರಣೆಗಳನ್ನೂ ತಂದುಕೊಟ್ಟಳು. 2025ರಲ್ಲಿ ಅರಬರ ಅಲ್ ಐನ್ ನಗರದಲ್ಲಿ ನಡೆದ ಏಷ್ಯಾ ಪಂದ್ಯಾವಳಿಯಲ್ಲಿ ಆ ಹುಡುಗಿಯರು ಕಂಚಿನ ಪದಕವನ್ನು ಗೆದ್ದರು.